ಚಪ್ಪಾಳೆ ಹುಡುಗಿ ಕೇಳಿಸಿಕೊಂಡದ್ದನ್ನು ನೀವು ರದ್ದು ಮಾಡಿದಿರಿ

ಮಾನ್ಯ ಉನ್ನತ ಶಿಕ್ಷಣ ನಿರ್ದೇಶಕರೇ,

ನನ್ನ ತಮ್ಮನನ್ನು ಕೊಂದ ಗುಂಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸಿಕ್ಕಿದ್ದ ಒಂದೇ ಒಂದು ಉತ್ತರವನ್ನು ನಿಮ್ಮ ಕಚೇರಿಯಿಂದ ಹೊರಟ ಒಂದೂವರೆ ಪುಟದ ಆದೇಶ ಅಳಿಸಿಹಾಕಿದೆ. ಆ ಉತ್ತರ ಹುಡುಕಿಕೊಟ್ಟ ವಿದ್ಯಾರ್ಥಿನಿಯ ಪದವಿಯನ್ನೂ ಅದು ನುಂಗಿ ನೀರು ಕುಡಿದಿದೆ. ಗುಂಡು ಹಾರಿಸದ ಮನುಷ್ಯನೊಬ್ಬ ಇನ್ನೂ ಜೈಲಿನಲ್ಲಿ ಕೊಳೆಯುತ್ತಿರುವುದಕ್ಕೂ ಅದೇ ಆದೇಶ ಆಧಾರವಾಗಿದೆ. ಒಂದೂವರೆ ಪುಟಕ್ಕೆ ಇದು ಸಣ್ಣ ಸಾಧನೆಯಲ್ಲ. ನಿಮ್ಮ ಟಪಾಲು ವಿಭಾಗಕ್ಕೆ ನಾನು ಕೊಟ್ಟುಬಂದ ಪತ್ರಗಳಿಗೆ ಉತ್ತರ ಬರಲಿಲ್ಲ. ಹಾಗಾಗಿ ಈ ಸಲ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ದಿನಕ್ಕೆ ಎಷ್ಟೋ ಆದೇಶಗಳಿಗೆ ಸಹಿ ಹಾಕುವವರು ನೀವು, ಯಾವುದೆಂದು ಮರೆತಿರಬಹುದು. ವಿಜ್ಞಾನ ಮತ್ತು ತಂತ್ರಜ್ಞಾನದ ವಿದ್ಯಾರ್ಥಿಗಳು ತಮ್ಮ ಕಡ್ಡಾಯ ಇಂಟರ್ನ್‌ಶಿಪ್ಪನ್ನು ‘ಮಾನವ ಹಕ್ಕುಗಳು ಮತ್ತಿತರ ವಿವಾದಾತ್ಮಕ ವಿಷಯಗಳಲ್ಲಿ ತೊಡಗಿರುವ ಸಂಸ್ಥೆಗಳಲ್ಲಿ’ ಮಾಡುವಂತಿಲ್ಲ ಎಂಬ ಆದೇಶ ಅದು. ಕಾರಣ, ‘ವಿಜ್ಞಾನದ ತಟಸ್ಥತೆಯನ್ನು ಕಾಪಾಡುವುದು’. ಅಷ್ಟಕ್ಕೇ ನಿಲ್ಲಿಸದೆ, ಈಗಾಗಲೇ ಮುಗಿಸಿದವರ ಇಂಟರ್ನ್‌ಶಿಪ್ಪನ್ನೂ ‘ಪೂರ್ವಾನ್ವಯವಾಗುವಂತೆ’ ಅಮಾನ್ಯಗೊಳಿಸಿದ್ದೀರಿ. ಪೂರ್ವಾನ್ವಯ! ನಡೆದುಹೋದದ್ದನ್ನು ನಡೆದೇ ಇಲ್ಲ ಎನ್ನುವುದಕ್ಕೆ ನಾವು ಮನೆಗಳಲ್ಲಿ ಬೇರೆ ಮಾತು ಬಳಸುತ್ತೇವೆ. ಅದನ್ನಿಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.

ನಾನು ಮಾಧ್ಯಮಿಕ ಶಾಲೆಯಲ್ಲಿ ಭಾಷೆ, ವ್ಯಾಕರಣ ಕಲಿಸುವವಳು. ತಂದೆ ತಾಯಿ ಹೋದ ಮೇಲೆ ತಮ್ಮನನ್ನು ಬೆಳೆಸಿದ್ದು ನಾನು; ಅವನು ದುಡಿಯುವಂತಾದ ಮೇಲೆ ನನ್ನನ್ನು ನೋಡಿಕೊಂಡದ್ದು ಅವನು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಬಾಗಿಲ ಚೌಕಟ್ಟಿಗೆ ತಲೆ ಬಡಿಯುವಷ್ಟು ಎತ್ತರ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಏಣಿ’. ‘ಲಿಫ್ಟ್ ಕೆಟ್ರೆ ಏಣಿ ಕರೀರಿ’ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡರೆ ಕೆಲಸ ಶುರು ಮಾಡುವ ಮೊದಲು ಬಾಗಿಲಾಚೆಯಿಂದ ಅವರ ಜೊತೆ ಹರಟೆ ಹೊಡೆಯುತ್ತಿದ್ದ. ಊಟ ಆಯ್ತಾ, ಯಾವ ಮಹಡಿಗೆ ಹೊರಟಿದ್ರಿ, ಮಕ್ಕಳೆಷ್ಟು. ‘ಒಳಗಿರೋರಿಗೆ ಕತ್ಲೆ ಭಯ ಅಲ್ಲ ಅಕ್ಕ. ಆಚೆ ಯಾರೂ ಇಲ್ವೇನೋ ಅನ್ನೋದೇ ಭಯ’ ಎನ್ನುತ್ತಿದ್ದ.

ನಮ್ಮ ಬೀದಿಯ ಒಂದು ತುದಿಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆ, ಇನ್ನೊಂದು ತುದಿಯಲ್ಲಿ ಧಾನ್ಯದ ಗೋದಾಮು. ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಹಬೆಯ ಪೈಪು ಒಡೆದು ಇಬ್ಬರು ಹೆಂಗಸರು ಬೆಂದುಹೋದ ದಿನ ಅಲ್ಲಿನ ತುರ್ತು ಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿತ್ತು. ಆ ಬೀಗ ತೆಗೆಸಿ ಎಂದು ಕಾರ್ಮಿಕರು ಗೇಟಿನ ಮುಂದೆ ಕೂತರು. ಬೇರೇನೂ ಕೇಳಿರಲಿಲ್ಲ. ಪೊಲೀಸರು ಬಂದರು, ಗೋದಾಮಿನ ತಾರಸಿಯ ಮೇಲೆ ಬಂದೂಕು ಹಿಡಿದವರು ನಿಂತರು. ಜನ ಬೀದಿಯುದ್ದಕ್ಕೂ ತುಂಬಿದರು, ಅಂಗಡಿಗಳ ಶಟರುಗಳು ದಡದಡನೆ ಇಳಿದವು. ತಮ್ಮ ಬೀದಿಯ ನಡುವಿನ ಕಟ್ಟಡವೊಂದರಲ್ಲಿ ಲಿಫ್ಟ್ ರಿಪೇರಿ ಮುಗಿಸಿ, ಉಪಕರಣಗಳ ಚೀಲ ಹೆಗಲಿಗೇರಿಸಿ ಮನೆಗೆ ಬರುತ್ತಿದ್ದ. ಧರಣಿಯಲ್ಲಿ ಅವನಿರಲಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ, ಧರಣಿಯಲ್ಲಿದ್ದವರನ್ನಾದರೆ ಹೊಡೆಯಬಹುದಿತ್ತು ಎಂದಂತಾಗುತ್ತದೆ. ಯಾರನ್ನೂ ಹೊಡೆಯಬೇಕಾಗಿರಲಿಲ್ಲ. ಹೊಡೆದದ್ದು ಅವನಿಗೆ. ಔಷಧಿ ಅಂಗಡಿಯ ಇಳಿದ ಶಟರಿನ ಮುಂದೆ ಸತ್ತುಬಿದ್ದಿದ್ದ.

ಪೊಲೀಸರ ಹೇಳಿಕೆ ಹೀಗಿತ್ತು: ‘ಗುಂಪಿನೊಳಗಿನಿಂದ ನಾಡಪಿಸ್ತೂಲಿನ ಗುಂಡು ಹಾರಿದ್ದು, ಓರ್ವ ವ್ಯಕ್ತಿಯ ಸಾವು ಸ್ಥಳದಲ್ಲೇ ಸಂಭವಿಸಿರುತ್ತದೆ.’ ಗುಬ್ಬಿ ಹಾರುತ್ತದೆ ಸ್ವಾಮಿ, ಗುಂಡನ್ನು ಹಾರಿಸುತ್ತಾರೆ. ಈ ವ್ಯತ್ಯಾಸ ಆರನೇ ತರಗತಿಯ ಪಾಠ. ತಪ್ಪು ಮಾಡಿದ ಮಕ್ಕಳಿಗೆ ನಾನು ಅರ್ಧ ಅಂಕ ಕಳೆಯುತ್ತೇನೆ. ಕೆಲವು ದಿನಗಳಲ್ಲಿ ಪೊಲೀಸರಿಗೂ ವಾಕ್ಯಕ್ಕೆ ಒಬ್ಬ ಕರ್ತೃ ಬೇಕೆನಿಸಿರಬೇಕು. ಕಾರ್ಖಾನೆಯ ಕಟಿಂಗ್ ಮಾಸ್ತರರನ್ನು ಮನೆಯಿಂದ ಎಳೆದೊಯ್ದರು. ಪಿಸ್ತೂಲು ಸಿಕ್ಕಿತೇ? ಇಲ್ಲ. ‘ಚರಂಡಿಗೆ ಎಸೆದಿರಬಹುದು’ ಎಂದರು. ಚರಂಡಿ ಹುಡುಕಿದರೇ? ಅದನ್ನು ಕೇಳಿದವರಿಗೆ ಇವತ್ತಿನವರೆಗೂ ಉತ್ತರವಿಲ್ಲ.

ಮಾಸ್ತರರ ಹೆಂಡತಿಯೂ ಅದೇ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವವರು. ಎಲ್ಲರೂ ‘ಗುಂಡಿಯಕ್ಕ’ ಎನ್ನುತ್ತಾರೆ. ಅವರ ಬಾಡಿಗೆ ಕೋಣೆ ಔಷಧಿ ಅಂಗಡಿಯ ಎದುರಿನ ಮಹಡಿಯಲ್ಲಿದೆ. ಆ ದಿನ ಕಿಟಕಿಯಿಂದ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಗುಂಡಿನ ಸದ್ದಾದ ಕೂಡಲೇ ಹೆದರಿ ನೆಲಕ್ಕೆ ಕುಳಿತರು. ಅಲ್ಲಿಂದ ಮುಂದೆ ವಿಡಿಯೋದಲ್ಲಿ ಕಾಣುವುದು ಅವರ ಕೋಣೆಯ ಸೂರು ಮಾತ್ರ. ಪೊಲೀಸರು ನೋಡಿ, ‘ಇದರಲ್ಲಿ ಏನೂ ಇಲ್ಲ’ ಎಂದು ವಾಪಸ್ ಕೊಟ್ಟರು. ಕಾಣುವುದೇನೂ ಇರಲಿಲ್ಲ, ನಿಜ. ಆದರೆ ಅದರಲ್ಲಿ ಕೇಳುವಂಥದ್ದು ಇತ್ತು. ಕೇಳಬಲ್ಲವರು ಬೇಕಾಗಿತ್ತು.

ನೀವು ‘ವಿವಾದಾತ್ಮಕ’ ಎಂದ ಸಂಸ್ಥೆಯನ್ನು ನೀವು ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ, ಕಾಲು ಮುರಿದ ಮೇಜು, ಮಾಸ್ತರರ ಮೊಕದ್ದಮೆ ಕೈಗೆತ್ತಿಕೊಂಡಿದ್ದ ಒಬ್ಬ ವಯಸ್ಸಾದ ವಕೀಲರು. ಆ ವರ್ಷ ಅಲ್ಲಿಗೆ ನಾಲ್ವರು ವಿದ್ಯಾರ್ಥಿಗಳು ಬಂದಿದ್ದರು. ಒಬ್ಬ ಜೈಲಿನ ನಲ್ಲಿಯ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷೆ ಮಾಡುತ್ತಿದ್ದ. ಒಬ್ಬಳು ಉಪಗ್ರಹ ತೆಗೆದ ಚಿತ್ರಗಳಲ್ಲಿ ಒಕ್ಕಲೆಬ್ಬಿಸಿದ ಗುಡಿಸಲುಗಳು ಮೊದಲು ಎಲ್ಲಿದ್ದವೆಂದು ಗುರುತು ಹಾಕುತ್ತಿದ್ದಳು. ಇನ್ನೊಬ್ಬ ಸಾಕ್ಷಿ ಹೇಳುವವರ ಮುಖ ವಿಡಿಯೋದಲ್ಲಿ ತಾನಾಗಿ ಮಸುಕಾಗುವಂತೆ ಪ್ರೋಗ್ರಾಮ್ ಬರೆಯುತ್ತಿದ್ದ. ಇವರಲ್ಲಿ ಯಾರೂ ಘೋಷಣೆ ಕೂಗಿದ್ದನ್ನು ನಾನು ಕಂಡಿಲ್ಲ. ಕಾಲೇಜಿನಲ್ಲಿ ಕಲಿತದ್ದು ಮನುಷ್ಯರ ಯಾವ ಕೆಲಸಕ್ಕೆ ಬರುತ್ತದೆ ಎಂದು ನೋಡುತ್ತಿದ್ದರು, ಅಷ್ಟೇ. ನಾಲ್ಕನೆಯವಳು ಭೌತವಿಜ್ಞಾನದ ವಿದ್ಯಾರ್ಥಿನಿ, ಶಬ್ದದ ವಿಷಯ ಓದಿದವಳು. ಗುಂಡಿಯಕ್ಕನ ವಿಡಿಯೋವನ್ನು ವಕೀಲರು ಇವಳ ಕೈಗಿತ್ತರು.

ಅವಳು ಆ ವಿಡಿಯೋ ಹಿಡಿದು ಒಳಕೋಣೆ ಸೇರಿದಳು. ಬೀದಿಯ ಗದ್ದಲ ಬಾರದಂತೆ ಕಿಟಕಿಗೆ ರಜಾಯಿ ಕಟ್ಟಬೇಕೆಂದಳು. ನನ್ನ ಮನೆಯದೊಂದು, ಗುಂಡಿಯಕ್ಕನ ಮನೆಯದೊಂದು ತಂದು ಕಟ್ಟಿದೆವು. ಒಳಗೆ ಕುಲುಮೆಯಂಥ ಸೆಕೆ. ಕಿವಿಗೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಅದೇ ಕೆಲವು ಕ್ಷಣಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ನನ್ನ ತಮ್ಮನ ಸಾವನ್ನು ಅವಳು ಎಷ್ಟು ಸಲ ಕೇಳಿರಬಹುದು? ನಾನೊಂದು ಸಲ ಕೇಳಿ ಹೊರಗೋಡಿದವಳು. ಅವಳ ಮನೆಯಲ್ಲಿ ಯಾರಾದರೂ ತಟ್ಟೆ ಬೀಳಿಸಿದರೂ ಬೆಚ್ಚಿ ಎದ್ದು ನಿಲ್ಲುತ್ತಾಳೆಂದು ಅವಳ ತಾಯಿ ಆಮೇಲೆ ನನಗೆ ಹೇಳಿದರು.

ಒಂದು ದಿನ ನನ್ನನ್ನು ಕೂರಿಸಿ ವಿವರಿಸಿದಳು. ‘ಟೀಚರ್, ಬಂದೂಕಿನ ಗುಂಡು ಶಬ್ದಕ್ಕಿಂತ ವೇಗವಾಗಿ ಓಡುತ್ತೆ. ಅದು ನಮ್ಮ ಹತ್ರ ಹಾದುಹೋಗುವಾಗ ಮೊದಲು ‘ಚಟ್’ ಅಂತ ಒಂದು ಸದ್ದು. ಬಂದೂಕಿನದ್ದೇ ಸದ್ದು ಹಿಂದಿನಿಂದ ಏದುಸಿರು ಬಿಡ್ತಾ ಬರುತ್ತೆ, ‘ಢಬ್’ ಅಂತ. ಹೊಡೆದವರು ದೂರ ಇದ್ದಷ್ಟೂ ಇವೆರಡರ ಮಧ್ಯೆ ಅಂತರ ಜಾಸ್ತಿ.’

‘ಹತ್ತಿರದಿಂದ ಹೊಡೆದ್ರೆ?’

‘ಪೊಲೀಸರು ಹೇಳೋ ಹಾಗೆ ಕಿಟಕಿ ಕೆಳಗೇ ಪಿಸ್ತೂಲಿಂದ ಹೊಡೆದಿದ್ರೆ ಎರಡೂ ಒಂದೇ ಆಗಿ ಕೇಳ್ಬೇಕಿತ್ತು. ಇಲ್ಲಿ ಅಂತರ ಇದೆ, ಚೆನ್ನಾಗೇ ಇದೆ. ಆದ್ರೆ ಎರಡನೇದು ಗೋಡೆಗೆ ಬಡಿದು ಬಂದ ಮಾರ್ದನಿ ಇರಬಹುದಲ್ವಾ? ಅದಲ್ಲ ಅಂತ ಗೊತ್ತಾಗೋವರೆಗೂ ನಾನು ಏನೂ ಹೇಳಲ್ಲ.’

ಗೊತ್ತುಮಾಡಿಕೊಳ್ಳಲು ಅವಳು ಮಾಡಿದ್ದೇನು ಗೊತ್ತೇ? ಎರಡು ದಪ್ಪ ಹಲಗೆಗಳಿಗೆ ಕೀಲು ಹಾಕಿಸಿದಳು, ಚಪ್ಪಾಳೆ ತಟ್ಟುವಂತೆ. ಭಾನುವಾರ ಬೆಳಗ್ಗೆ ವಾಹನಗಳು ಓಡಾಡುವ ಮುಂಚೆ ಬೀದಿಗೆ ಬಂದು, ಪೊಲೀಸರು ಪಿಸ್ತೂಲು ಇತ್ತೆಂದ ಜಾಗದಲ್ಲಿ, ಚಹಾದಂಗಡಿಯ ಮುಂದೆ, ಗೇಟಿನ ಬಳಿ, ಕೊನೆಗೆ ಗೋದಾಮಿನ ಕಾವಲುಗಾರನನ್ನು ಕಾಡಿ ಬೇಡಿ ತಾರಸಿಯ ಮೇಲೂ ನಿಂತು ಆ ಹಲಗೆಗಳನ್ನು ಫಟಾರನೆ ಬಡಿದಳು. ಅದೇ ಕಿಟಕಿಯಲ್ಲಿ ಅದೇ ಮೊಬೈಲು ಹಿಡಿದು ಗುಂಡಿಯಕ್ಕ ರೆಕಾರ್ಡ್ ಮಾಡಿಕೊಂಡರು. ಎಲ್ಲಿ ಬಡಿದರೆ ಯಾವ ಗೋಡೆಯಿಂದ ಎಷ್ಟು ಹೊತ್ತಿಗೆ ಮಾರ್ದನಿ ಬರುತ್ತದೆಂದು ಲೆಕ್ಕ ಸಿಗಬೇಕಲ್ಲ. ಬೀದಿಯವರಿಗೆ ಮೊದಲು ತಮಾಷೆ, ಆಮೇಲೆ ಅಭ್ಯಾಸ. ‘ಚಪ್ಪಾಳೆ ಹುಡುಗಿ ಬಂದ್ಲು, ಏಳ್ರೋ’ ಎಂದು ಹಾಸಿಗೆಯಲ್ಲೇ ಗೊಣಗುತ್ತಿದ್ದರು.

ಆ ದಿನದಂತೆಯೇ ಶಟರುಗಳು ಇಳಿದಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದಳು. ಎಲ್ಲ ಅಂಗಡಿಯವರನ್ನೂ ಕೇಳಿಕೊಂಡು ಇಳಿಸಿದೆವು. ಔಷಧಿ ಅಂಗಡಿಯವರು ಮಾತ್ರ ಎರಡು ಭಾನುವಾರ ಏನೇನೋ ನೆಪ ಹೇಳಿದರು. ಮೂರನೇ ಭಾನುವಾರ ಬಂದು ಶಟರ್ ಎಳೆದು ದೂರ ಹೋಗಿ ನಿಂತರು. ಹಲಗೆಯ ಕೆಲಸ ಮುಗಿದ ಮೇಲೆ ಹುಡುಗಿ ನನ್ನ ಬಳಿ ಬಂದಳು.

‘ಟೀಚರ್, ಇನ್ನೊಂದೇ ಒಂದು ಬಾಕಿ ಇದೆ. ನೀವು ಮನೆಗೆ ಹೋಗಿರ್ತೀರಾ?’

‘ಯಾಕೆ?’

‘ನೀವಿರೋದು ಬೇಡ ಅಂತ.’

‘ನಾನು ಹೋಗಲ್ಲ. ಅದೇನು ಮಾಡ್ತೀಯೋ ಮಾಡು.’

ಅವಳು ಔಷಧಿ ಅಂಗಡಿಯ ಮುಂದೆ ಹೋಗಿ ಮೊಣಕಾಲೂರಿ ಕುಳಿತಳು. ನೆಲದಿಂದ ಸ್ವಲ್ಪವೇ ಎತ್ತರದಲ್ಲಿ, ಅಂಗೈ ಅಗಲಿಸಿ, ಶಟರನ್ನು ಬಲವಾಗಿ ಬಡಿದಳು. ಎರಡು ಸಲ. ಆಮೇಲೆ ಮೆಲ್ಲಗೆ, ಇನ್ನೂ ಮೆಲ್ಲಗೆ. ಕಬ್ಬಿಣದ ತಗಡು ಬೀದಿಯುದ್ದಕ್ಕೂ ಗುಂಯ್‌ಗುಟ್ಟಿತು. ದೂರದಲ್ಲಿದ್ದ ಅಂಗಡಿಯವರು ಅಲ್ಲೇ ರಸ್ತೆಯ ಮೇಲೆ ಕುಸಿದು ಕುಳಿತರು.

‘ಅದೇ’ ಎಂದರು. ‘ಅದೇ ಸದ್ದು. ನಿಲ್ಸಮ್ಮಾ. ದಮ್ಮಯ್ಯ ನಿಲ್ಸು.’

ಅವರು ಆ ದಿನ ಒಳಗಿದ್ದರು. ಹೆಂಡತಿ, ಮಗಳು ಕೂಡ ಔಷಧಿಯ ಡಬ್ಬಗಳ ಹಿಂದೆ ಬಾಗಿ ಕುಳಿತಿದ್ದರು. ‘ಗುಂಪಿನವರು ಅಂಗಡಿ ಒಡೀತಿದಾರೆ ಅಂದ್ಕೊಂಡೆ ಟೀಚರ್. ಉಸಿರು ಬಿಗಿಹಿಡಿದು ಕೂತ್ಬಿಟ್ಟೆ. ಆಮೇಲೆ ಬಡಿಯೋದು ನಿಂತಾಗ... ಸದ್ಯ ಬಿಟ್ಟು ಹೋದ್ರಲ್ಲ ಅಂತ ಸಮಾಧಾನ ಪಟ್ಟೆ. ಶಟರ್ ಎತ್ತಿದಾಗ ನಿಮ್ಮ ಏಣಿ ಅಲ್ಲಿದ್ದ.’

‘ಸ್ಥಳದಲ್ಲೇ ಸಾವು’ ಎಂಬ ಸರ್ಕಾರಿ ಮಾತನ್ನು ನಾನು ಒಂದೇ ಒಂದು ಕಾರಣಕ್ಕೆ ನಂಬಿದ್ದೆ, ನೋವಿಲ್ಲದೆ ಹೋದನಲ್ಲ ಎಂದು. ಆ ಭಾನುವಾರ ಅದೂ ಹೋಯಿತು. ಅವನಿಗೆ ಜೀವವಿತ್ತು. ಬಾಗಿಲಾಚೆ ಯಾರೋ ಇದ್ದಾರೆಂದು ಅವನಿಗೆ ಗೊತ್ತಿತ್ತು, ಬಡಿದ. ಎಷ್ಟು ಹೊತ್ತು ಎಂದು ನಾನು ಹುಡುಗಿಯನ್ನು ಕೇಳಿದೆ. ‘ವರದಿಯಲ್ಲಿ ಬರೆದಿದೀನಿ ಟೀಚರ್, ಬಾಯಲ್ಲಿ ಹೇಳೋಕಾಗ್ತಿಲ್ಲ’ ಎಂದು ಅತ್ತಳು. ವರದಿಯ ಆ ಪುಟವನ್ನು ನಾನು ಇವತ್ತಿಗೂ ತೆರೆದಿಲ್ಲ. ಔಷಧಿ ಅಂಗಡಿಯವರನ್ನು ಕ್ಷಮಿಸಿದೆನೇ ಎಂದು ಯಾರೂ ಕೇಳಬೇಡಿ. ಅವರು ಎದುರಾದಾಗ ನಾನು ತಲೆಯಾಡಿಸುತ್ತೇನೆ, ಅವರೂ ತಲೆಯಾಡಿಸುತ್ತಾರೆ. ತಲೆನೋವಿನ ಮಾತ್ರೆಗೂ ಬೇರೆ ಬೀದಿಗೆ ಹೋಗುತ್ತೇನೆ.

ನಿರ್ದೇಶಕರೇ, ನಿಮ್ಮ ‘ತಟಸ್ಥತೆ’ಗೆ ಈಗ ಬರೋಣ. ಮೂರು ಗುಂಡು ಹಾರಿಸಿದರೆಂದು ಧರಣಿಯಲ್ಲಿದ್ದ ಎಲ್ಲರೂ ಪ್ರಮಾಣ ಮಾಡಿ ಹೇಳಿದ್ದರು. ಅವರು ಸುಳ್ಳರಲ್ಲ, ಮೂರು ಸದ್ದು ಕೇಳಿದ್ದು ನಿಜ. ಆದರೆ ಗುಂಡು ಒಂದೇ, ಉಳಿದೆರಡು ನನ್ನ ತಮ್ಮನ ಕೈ. ಈ ಮಾತನ್ನು ವಕೀಲರಿಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು.

‘ಅಫಿಡವಿಟ್‌ಗಳಲ್ಲೆಲ್ಲ ಮೂರು ಅಂತಿದೆಯಮ್ಮ. ಈಗ ಒಂದು ಅಂದ್ರೆ ನಮ್ಮವರೆಲ್ಲ ಸುಳ್ಳು ಹೇಳಿದ ಹಾಗಾಗುತ್ತೆ. ಆ ಭಾಗ ಬಿಟ್ಟು ಬರೀಬಾರ್ದಾ? ದಿಕ್ಕು, ದೂರ ಅಷ್ಟೇ ಸಾಕಲ್ಲ ನಮಗೆ.’

‘ಬಿಡೋಕಾಗಲ್ಲ ಸಾರ್. ಇದನ್ನ ಬಿಟ್ರೆ ಅದನ್ನ ಯಾರು ನಂಬ್ತಾರೆ?’

‘ನೀನು ಯಾರ ಪರ?’

ಅವಳು, ‘ರೆಕಾರ್ಡಿಂಗ್‌ನಲ್ಲಿ ಏನಿದೆಯೋ ಅದರ ಪರ’ ಎಂದಳು.

ವಕೀಲರು ನನ್ನ ಕಡೆ ತಿರುಗಿದರು. ಒಂದೇ ಎಂದು ಬರೆಯಲಿ ಎಂದೆ. ವಕೀಲರು ತಲೆ ತಗ್ಗಿಸಿಕೊಂಡು ಒಪ್ಪಿದರು. ಗುಂಡು ಯಾವ ದಿಕ್ಕಿನಿಂದ ಬಂತು, ಅಂದಾಜು ಎಷ್ಟು ದೂರದಿಂದ ಬಂತು ಎಂದು ಅವಳು ಬರೆದಳು. ಆ ದಿಕ್ಕು, ಆ ದೂರ ಎರಡೂ ಕೂಡುವುದು ಗೋದಾಮಿನ ತಾರಸಿಯಲ್ಲಿ. ‘ಯಾರು ಹೊಡೆದರು ಅಂತಲೂ ಬರಿ’ ಎಂದು ನಾನೇ ಹಟ ಹಿಡಿದೆ. ‘ಶಬ್ದಕ್ಕೆ ಮುಖ ಇರಲ್ಲ ಟೀಚರ್. ನನಗೆ ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ’ ಎಂದಳು. ಆ ದಿನ ಅವಳ ಮೇಲೆ ನನಗೆ ಕೆಟ್ಟ ಕೋಪ ಬಂತು. ಈಗ ಯೋಚಿಸಿದರೆ, ನಿಮ್ಮ ಆದೇಶದಲ್ಲಿ ಕಾಪಾಡಬೇಕೆಂದು ಬರೆದಿರುವ ವಸ್ತು ಆ ಸೆಕೆಯ ಕೋಣೆಯಲ್ಲಿತ್ತು, ಎರಡು ಹಳೇ ರಜಾಯಿಗಳ ನಡುವೆ. ನೀವು ಅದನ್ನು ಕಾಪಾಡುವ ಸಲುವಾಗಿ ಹೊರಗೆಸೆದಿರಿ.

ಅವಳ ವರದಿ, ತಮ್ಮನ ಸಾವಿನ ತನಿಖೆಗೆಂದು ಸರ್ಕಾರ ನೇಮಿಸಿದ್ದ ವಿಚಾರಣಾ ಆಯೋಗಕ್ಕೆ ಹೋಯಿತು. ಆಯೋಗದವರು ಅವಳನ್ನು ಕರೆದು ಪ್ರಶ್ನಿಸಲು ದಿನ ಗೊತ್ತುಮಾಡಿದರು. ಆ ದಿನಕ್ಕೆ ಮುಂಚೆ ನಿಮ್ಮ ಆದೇಶ ಬಂತು. ಕಾಕತಾಳೀಯ ಎನ್ನುತ್ತೀರಿ, ಸರಿ, ಒಪ್ಪಿದೆ. ಇಂಟರ್ನ್‌ಶಿಪ್ಪಿಗೆ ಸಹಿ ಹಾಕಿದ್ದ ಅವಳ ಪ್ರಾಧ್ಯಾಪಕರು ಸಹಿ ವಾಪಸ್ ಪಡೆದರು. ‘ನನಗೂ ಸಂಸಾರ ಇದೆ ಮಗಳೇ’ ಎಂದರಂತೆ. ವಿಶ್ವವಿದ್ಯಾಲಯವು ‘ಸದರಿ ವಿದ್ಯಾರ್ಥಿನಿಗೆ ಇಂತಹ ಅಧ್ಯಯನಕ್ಕೆ ಅನುಮತಿ ಇರುವುದಿಲ್ಲ’ ಎಂದು ಆಯೋಗಕ್ಕೆ ತಿಳಿಸಿತು. ಅನುಮತಿ ಇರಲಿಲ್ಲ ಎಂದಲ್ಲ, ‘ಇರುವುದಿಲ್ಲ’. ಆಯೋಗವು ಅವಳನ್ನು ಕರೆಯದೆಯೇ ವರದಿಯನ್ನು ‘ಅನಧಿಕೃತ ವ್ಯಕ್ತಿಯ ಹವ್ಯಾಸಿ ಪ್ರಯತ್ನ’ ಎಂದು ಬದಿಗಿಟ್ಟಿತು.

ಪೂರ್ತಿ ಬದಿಗಿಟ್ಟಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಆಯೋಗದ ಅಂತಿಮ ವರದಿಯಲ್ಲಿ ಒಂದು ಸಾಲಿದೆ: ‘ಧರಣಿನಿರತರ ಪರವಾದ ಅಧ್ಯಯನವೇ ಒಂದು ಗುಂಡನ್ನಷ್ಟೇ ಒಪ್ಪಿಕೊಂಡಿರುವುದರಿಂದ, ಮೂರು ಗುಂಡುಗಳ ಕುರಿತ ಸಾಕ್ಷಿಗಳ ಹೇಳಿಕೆ ನಂಬಲರ್ಹವಲ್ಲ.’ ಗೊತ್ತಾಯಿತೇ ಸ್ವಾಮಿ? ಗುಂಡು ಎಷ್ಟು ಎನ್ನುವಾಗ ಹುಡುಗಿ ವಿಜ್ಞಾನಿ, ಎಲ್ಲಿಂದ ಎನ್ನುವಾಗ ಹವ್ಯಾಸಿ. ಅವಳ ಪ್ರಾಮಾಣಿಕತೆಯನ್ನು ಬೇಕಾದಷ್ಟು ಕತ್ತರಿಸಿಕೊಂಡು, ಮಿಕ್ಕದ್ದನ್ನು ಅವಳ ಮುಖಕ್ಕೆ ಎಸೆದರು. ಸಾಕ್ಷಿಗಳೆಲ್ಲ ಸುಳ್ಳರಾದರು. ಕಟಿಂಗ್ ಮಾಸ್ತರರ ಜಾಮೀನು ಅರ್ಜಿ ಇದೇ ಸಾಲಿನ ಮೇಲೆ ತಿರಸ್ಕೃತವಾಯಿತು.

ನಿಮ್ಮನ್ನು ಕಾಣಲು ನಾನು ಬಂದಿದ್ದೆ, ನೆನಪಿದೆಯೇ? ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದೆ. ಕೊನೆಗೆ ಒಳಗೆ ಬಿಟ್ಟರು. ನೀವು ಸಭ್ಯವಾಗಿಯೇ ಮಾತಾಡಿದಿರಿ, ನೀರು ತರಿಸಿಕೊಟ್ಟಿರಿ.

‘ನಿಮ್ಮ ತಮ್ಮನ ವಿಷಯ ಬಹಳ ದುಃಖದ್ದು, ಅಮ್ಮ. ಆದರೆ ಅದು ನಮ್ಮ ಇಲಾಖೆಗೆ ಬರೋದಿಲ್ಲ.’

‘ನಿಮ್ಮ ಆದೇಶ ನಮ್ಮ ಮನೆಗೆ ಬಂತಲ್ಲ ಸಾರ್.’

‘ಅದು ಪಾಲಿಸಿ. ಮಕ್ಕಳ ಭವಿಷ್ಯ ನೋಡ್ಬೇಕಲ್ವಾ? ನಾಳೆ ಕೆಲಸ ಕೊಡೋರು ಕೇಳ್ತಾರೆ, ಇದೆಂಥಾ ಕಡೆ ಇಂಟರ್ನ್‌ಶಿಪ್ ಮಾಡಿದೀರಿ ಅಂತ.’

‘ಆ ಹುಡುಗಿ ವರದಿ ನೀವು ಓದಿದೀರಾ?’

ನೀವು ಗಡಿಯಾರ ನೋಡಿದಿರಿ. ಅದೇ ಉತ್ತರ ಎಂದುಕೊಂಡು ಎದ್ದುಬಂದೆ.

ಅವಳ ಭವಿಷ್ಯ ಏನಾಯಿತೆಂದು ಹೇಳಿಬಿಡುತ್ತೇನೆ, ಅಷ್ಟು ಕಾಳಜಿ ತೋರಿದ್ದಿರಲ್ಲ. ಇಂಟರ್ನ್‌ಶಿಪ್ ಅಮಾನ್ಯವಾದ್ದರಿಂದ ಪದವಿ ಸಿಗಲಿಲ್ಲ. ಬೇರೆ ಕಡೆ ಹೊಸದಾಗಿ ಮಾಡಬಹುದೆಂದರು. ಎಲ್ಲಿ ಕೇಳಿದರೂ ಸ್ಥಳ ಭರ್ತಿ. ಈಗ ಕಿವಿಯ ಯಂತ್ರ ಮಾರುವ ಅಂಗಡಿಯೊಂದರಲ್ಲಿ ಕೆಲಸ. ಗಾಜಿನ ಸಣ್ಣ ಕೋಣೆಯಲ್ಲಿ ಮುದುಕರನ್ನು ಕೂರಿಸಿ, ‘ಸದ್ದು ಕೇಳಿದ ಕೂಡಲೇ ಕೈ ಎತ್ತಿ ಅಜ್ಜಾ’ ಎನ್ನುತ್ತಿರುತ್ತಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ತೂಕ ಇಳಿದಿದೆ, ನಗು ಮಾತ್ರ ಹಾಗೇ ಇದೆ. ‘ಬೇಜಾರಿಲ್ಲ ಟೀಚರ್, ಇವರು ಕೇಳ್ಬೇಕು ಅಂತ ಆಸೆ ಇಟ್ಕೊಂಡೇ ಬರ್ತಾರೆ’ ಎಂದಳು. ಸ್ವಲ್ಪ ಹೊತ್ತಾದ ಮೇಲೆ ತಗ್ಗಿದ ದನಿಯಲ್ಲಿ, ‘ನಾನು ಅಪ್ಪಿತಪ್ಪಿ ಅವತ್ತು ಮೂರು ಅಂತ ಬರೆದಿದ್ರೆ ಮಾಸ್ತರು ಮನೇಲಿರ್ತಿದ್ರಾ?’ ಎಂದು ಕೇಳಿದಳು. ಇಲ್ಲ ಎಂದೆ. ಹಾಗೆ ಬರೆದಿದ್ದರೆ ಇನ್ನೊಂದು ದಾರಿ ಹುಡುಕುತ್ತಿದ್ದರು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಸತ್ಯ ಬರೆದ ತಪ್ಪಿಗೆ ಒಂದು ಹುಡುಗಿ ತನ್ನನ್ನೇ ಅನುಮಾನಿಸುವ ಹಾಗೆ ಮಾಡಿದ್ದೀರಿ. ಪದವಿ ಹೋದದ್ದಕ್ಕಿಂತ ದೊಡ್ಡ ನಷ್ಟ ಇದು. ಇದಕ್ಕೆ ಯಾವ ಪೂರ್ವಾನ್ವಯವೂ ಇಲ್ಲ.

ಈ ವರ್ಷ ಇಂಟರ್ನ್‌ಶಿಪ್ಪಿಗೆಂದು ನಿಮ್ಮ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ನಮ್ಮ ಬೀದಿಯ ಉಡುಪಿನ ಕಾರ್ಖಾನೆಯೂ ಸೇರಿದೆ. ನಿಮ್ಮ ವಿದ್ಯಾರ್ಥಿಗಳು ಅಲ್ಲಿ ಕ್ಯಾಮೆರಾ ಅಳವಡಿಸುತ್ತಿದ್ದಾರೆ, ಯಾವ ಹೆಂಗಸು ಶೌಚಾಲಯಕ್ಕೆ ಎಷ್ಟು ಸಲ ಎದ್ದು ಹೋಗುತ್ತಾಳೆಂದು ಕಂಪ್ಯೂಟರ್ ತಾನೇ ಗುರುತಿಸುವಂತೆ. ಇದು ಗುಂಡಿಯಕ್ಕ ಹೇಳಿದ್ದು. ಆ ಮಕ್ಕಳನ್ನು ನಾನು ದೂರುವುದಿಲ್ಲ. ಆದರೆ ಇದು ತಟಸ್ಥ, ಜೈಲಿನ ನೀರಿನಲ್ಲಿ ಏನಿದೆಯೆಂದು ನೋಡುವುದು ವಿವಾದಾತ್ಮಕ ಎಂದು ನಿಮಗೆ ಯಾವ ಪ್ರಯೋಗಾಲಯ ಹೇಳಿಕೊಟ್ಟಿತು? ತುರ್ತು ಬಾಗಿಲಿನ ಬೀಗ ಈಗ ತೆಗೆದಿದ್ದಾರೆಯೇ ಎಂದು ಗುಂಡಿಯಕ್ಕನನ್ನು ಕೇಳಿದೆ. ‘ತೆಗೆದ್ರು ಟೀಚರ್. ಹೊಸ ಬೀಗ ಹಾಕಿದ್ರು’ ಎಂದರು.

ನನ್ನ ತಮ್ಮನನ್ನು ನಿಮ್ಮಿಂದ ನಾನು ಕೇಳುತ್ತಿಲ್ಲ. ಗುಂಡು ಹಾರಿಸಿದವರನ್ನು ಹಿಡಿದುಕೊಡಿ ಎಂದೂ ಕೇಳುತ್ತಿಲ್ಲ; ನಿಮ್ಮ ಕೈಯಲ್ಲಿ ಅದಿಲ್ಲವೆಂದು ಒಪ್ಪುತ್ತೇನೆ. ನಿಮ್ಮ ಕೈಯಲ್ಲಿರುವುದು ಪೆನ್ನು. ಆ ಆದೇಶವನ್ನು ಹಿಂತೆಗೆದುಕೊಳ್ಳಿ, ಅವಳ ಪದವಿ ಅವಳಿಗೆ ಕೊಡಿ. ಅದಕ್ಕೂ ಮೊದಲು, ಇನ್ನೂ ಸಣ್ಣದೊಂದು ಕೆಲಸ. ಮಾಸ್ತರರ ಮೊಕದ್ದಮೆ ಮುಂದಿನ ತಿಂಗಳು ನ್ಯಾಯಾಲಯದಲ್ಲಿ ಶುರುವಾಗುತ್ತದೆ. ಅಲ್ಲಿ ಹುಡುಗಿಯ ಮಾತು ಕೇಳಿಸಿಕೊಳ್ಳಬೇಕಾದರೆ, ಅವಳು ಆ ಅಧ್ಯಯನ ಮಾಡಿದ ದಿನಗಳಲ್ಲಿ ವಿಶ್ವವಿದ್ಯಾಲಯದ ಅನುಮತಿ ಇತ್ತು ಎಂದು ನಿಮ್ಮ ಕಚೇರಿ ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದು ವಕೀಲರು ಹೇಳುತ್ತಾರೆ. ಅನುಮತಿ ಇತ್ತು. ಅದು ನಿಮಗೂ ಗೊತ್ತು. ಅವಳು ಹೇಳುವುದನ್ನು ನಂಬಿ ಎಂದಲ್ಲ. ಬಂದು ನಿಲ್ಲಲು, ಪ್ರಶ್ನೆಗಳನ್ನು ಎದುರಿಸಲು ಬಿಡಿ ಎಂದಷ್ಟೇ.

ಪ್ರತಿ ಶನಿವಾರ ಗುಂಡಿಯಕ್ಕ ಜೈಲಿಗೆ ಹೋಗಿ ಗಂಡನನ್ನು ಕಂಡು, ವಾಪಸ್ ಬರುವಾಗ ನಮ್ಮ ಮನೆಗೆ ಬರುತ್ತಾರೆ. ಚಪ್ಪಲಿ ಬಿಡುವ ಮುಂಚೆಯೇ ಕೇಳುವುದು ಒಂದೇ ಮಾತು, ‘ಅವರಿಗೆ ಮತ್ತೆ ಬರೆದ್ರಾ ಟೀಚರ್?’ ಇವತ್ತು ಬರೆದಿದ್ದೇನೆ ಎನ್ನುತ್ತೇನೆ. ಮುಂದಿನ ಶನಿವಾರ ಅವರು ಕೇಳುವುದು, ‘ಏನಂದ್ರು?’ ಆಗ ನಾನು ಏನು ಹೇಳಬೇಕೆಂದು ನೀವೇ ತಿಳಿಸಿ.

ಇಂತಿ,
‘ನಿಮ್ಮ ವಿಶ್ವಾಸಿ’ ಎಂದು ಬರೆಯಲು ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿ, ಈಗ ಸ್ವತಃ ಬರೆಯಲಾರದೆ ಕೂತಿರುವ
ಒಬ್ಬ ಶಾಲಾ ಶಿಕ್ಷಕಿ, ಏಣಿಯ ಅಕ್ಕ